ಹೊರಗ ಬೀಗ, ಒಳಗ ರಾಣಿ

ಗಿರೀಶ ಕಾರ್ನಾಡರ ‘ನಾಗಮಂಡಲ’ ನಾಟಕವನ್ನು ನಮ್ಮ ಕಡೆ ಓದಿದವರಿಗಿಂತ ಸಿನೆಮಾದಲ್ಲಿ ನೋಡಿದವರು ಹೆಚ್ಚು. ನಾಟಕ ಬಂದದ್ದು 1980ರ ದಶಕದ ಕೊನೆಗೆ. ನಾಗಾಭರಣರ ಸಿನೆಮಾ ಬಂದದ್ದು 1997ರಲ್ಲಿ. ಅದರ ಮಾತುಗಳನ್ನು ಗೋಪಾಲ ವಾಜಪೇಯಿಯವರು ಉತ್ತರ ಕರ್ನಾಟಕದ ಆಡುಮಾತಿನಲ್ಲಿ ಬರೆದದ್ದರಿಂದ ಗಡಿಯ ಈಚೆಗಿರುವ ನಮಗೂ ಅದು ಮನೆಯ ಮಾತಿನಂತೆ ಕೇಳಿತು. ಯಾರನ್ನ ಕೇಳಿದರೂ “ಹಾವು ಗಂಡನ ರೂಪ ತಗೊಂಡು ಬರೋ ಕತಿ” ಅಂತಾರ. ಸ್ವಲ್ಪ ಹೆಚ್ಚು ಓದಿದವರು “ಹೆಣ್ಣಿನ ಮನಸ್ಸಿನ ಆಸೆಯ ಕತಿ” ಅಂತಾರ. ಎರಡೂ ಸುಳ್ಳಲ್ಲ. ಆದರೆ ನಾಟಕದ ಶುರುವಿನಿಂದಲೇ ಕಣ್ಣ ಮುಂದೆ ತೂಗಾಡುವ ಒಂದು ಸಾಮಾನಿನ ಬಗ್ಗೆ ಯಾರೂ ಮಾತಾಡೂದಿಲ್ಲ. ಅದು ಬಾಗಿಲ ಮೇಲಿನ ಬೀಗ.

ಈ ಲೇಖನದಾಗ ನಾಗಮಂಡಲವನ್ನು ಆ ಬೀಗದ ಕಡೆಯಿಂದ ಓದೂಣು. ಯಾಕಂದ್ರ ನಾಟಕದಲ್ಲಿ ಪಂಚರ ಮುಂದೆ ನಡೆಯುವ ವಿಚಾರಣೆಗೂ, ಇವತ್ತು ಹೊಡೆತ ತಿಂದ ಹೆಂಗಸು ಪೊಲೀಸ್ ಠಾಣೆಯ ಮೆಟ್ಟಲು ಹತ್ತಿದಾಗ ನಡೆಯುವ ವಿಚಾರಣೆಗೂ ಬಾಳ ಹತ್ತಿರದ ಸಂಬಂಧ ಐತಿ. ಕಾರ್ನಾಡರು ಠಾಣೆಯ ಬಗ್ಗೆ ಬರೆಯಲಿಲ್ಲ. ಆದರೂ ಠಾಣೆಯೊಳಗ ಹೆಂಗಸಿನ ಮಾತು ಎಲ್ಲಿ ಕಳೆದು ಹೋಗತೈತಿ ಅನ್ನೋದು ತಿಳೀಬೇಕಾದರ ಈ ನಾಟಕ ಉಪಯೋಗಕ್ಕೆ ಬರತೈತಿ. ಅದರ ಜೋಡಿ, ನಾಟಕ ನಮ್ಮನ್ನ ಎಲ್ಲಿ ತಪ್ಪು ದಾರಿಗೆ ಹಚ್ಚತೈತಿ ಅನ್ನೋದನ್ನೂ ಹೇಳಬೇಕು.

ಕತೆ ಹೀಗಿದೆ. ರಾಣಿ ತಂದೆ ತಾಯಿಗೆ ಒಬ್ಬಳೇ ಮಗಳು, ಮುದ್ದಿನಿಂದ ಬೆಳೆದವಳು. ಗಂಡ ಅಪ್ಪಣ್ಣ ಅವಳನ್ನು ಮನೆಗೆ ಕರಕೊಂಡು ಬಂದು, ಒಳಗ ಬಿಟ್ಟು, ಹೊರಗಿನಿಂದ ಬೀಗ ಜಡಿದು ಇಟ್ಟುಕೊಂಡವಳ ಮನೆಗೆ ಹೋಗತಾನ. ದಿನಾ ಮಧ್ಯಾಹ್ನ ಬರತಾನ, ಜಳಕ ಮಾಡತಾನ, ಉಣತಾನ, ಮತ್ತ ಬೀಗ ಹಾಕಿ ಹೋಗತಾನ. ಕುರುಡವ್ವ ಎಂಬ ಮುದುಕಿ ರಾಣಿಯ ಕಷ್ಟ ಕೇಳಿ, ಗಂಡನನ್ನು ಒಲಿಸಿಕೊಳ್ಳಲು ಒಂದು ಬೇರು ಕೊಡತಾಳ. ಬೇರು ಹಾಕಿದ ಸಾರು ಕೆಂಪಗೆ ಕುದ್ದದ್ದು ಕಂಡು ರಾಣಿ ಅಂಜಿ ಅದನ್ನ ಹುತ್ತಕ್ಕೆ ಸುರುವಿ ಬರತಾಳ. ಹುತ್ತದ ನಾಗ ಅವಳಿಗೆ ಒಲಿದು ರಾತ್ರಿ ಅಪ್ಪಣ್ಣನ ರೂಪದಲ್ಲಿ ಬರತಾನ. ರಾಣಿ ಬಸುರಾಗತಾಳ. ಅಪ್ಪಣ್ಣ ಅವಳನ್ನ ಹೊಡೆದು, ಹಾದರಗಿತ್ತಿ ಅಂತ ಬೈದು, ಪಂಚರ ಮುಂದೆ ದೂರು ಒಯ್ಯತಾನ. ಕಾದ ಕಬ್ಬಿಣ ಹಿಡಿಯೋದು ಊರಿನ ಪದ್ಧತಿ. ರಾಣಿ ಅದನ್ನ ಬಿಟ್ಟು ಹುತ್ತದೊಳಗಿನ ಹಾವು ಹಿಡಿಯತೀನಿ ಅಂತಾಳ. ಗಂಡನನ್ನೂ ಈ ನಾಗನನ್ನೂ ಬಿಟ್ಟು ಬೇರೆ ಗಂಡನ್ನ ಮುಟ್ಟಿಲ್ಲ ಅಂತ ಆಣೆ ಮಾಡತಾಳ. ಹಾವು ಕಚ್ಚೂದಿಲ್ಲ, ಅವಳ ತಲೆ ಮೇಲೆ ಹೆಡೆ ಬಿಚ್ಚತೈತಿ. ಊರು ಅವಳನ್ನ ದೇವಿ ಅಂತ ಕಾಲಿಗೆ ಬೀಳತೈತಿ.

ಮೊದಲು ನೋಡಬೇಕಾದ್ದು, ಆ ಬೀಗ ಕಂಡವರು ಯಾರು ಅನ್ನೋದು. ಬೀಗ ಬಾಗಿಲ ಹೊರಗ ಐತಿ. ಓಣಿಯಾಗ ಹಾಯೋವರ ಕಣ್ಣಿಗೆ ಬೀಳದ ಸಾಮಾನಲ್ಲ ಅದು. ಆದರೆ ಅದರ ಬಗ್ಗೆ ಕಳವಳ ಪಟ್ಟು ಕಿಟಕಿಗೆ ಬಂದು ನಿಂತವಳು ಒಬ್ಬಳೇ, ಅವಳೂ ಕುರುಡಿ. ಮಗ ಕಪ್ಪಣ್ಣನ ಹೆಗಲ ಮೇಲೆ ಕೂತು ಬರೋ ಮುದುಕಿ. ಕಾರ್ನಾಡರು ಇದನ್ನ ಸುಮ್ಮನೆ ಹಿಂಗ ಕಟ್ಟಿಲ್ಲ. ಕಣ್ಣಿದ್ದವರಿಗೆ ಬೀಗ ಅಂದ್ರ ‘ಅವರ ಮನಿ ಮಾತು’. ಕಣ್ಣಿಲ್ಲದವಳಿಗೆ ಅದು ಒಳಗೊಬ್ಬ ಮನುಷ್ಯಳು ಇದ್ದಾಳ ಅನ್ನೋ ಸುದ್ದಿ. ಮುದುಕಿ ಮಾತಾಡಸಾಕ ಬರತಾಳ ಅಂತ ಗೊತ್ತಾದ ಕೂಡಲೇ ಅಪ್ಪಣ್ಣ ನಾಯಿ ತಂದು ಕಟ್ಟತಾನ. ಹೊಡೆಯೋ ಗಂಡಸು ಮೊದಲು ಮಾಡೋ ಕೆಲಸ ಇದು: ಹೆಂಡತಿಯ ಮಾತು ಕೇಳೋವರನ್ನ ದೂರ ಇಡೋದು. ತವರಿಗೆ ಹೋಗಬ್ಯಾಡ, ನೆರೆಯವರ ಸಂಗಾಟ ನಿಲ್ಲಬ್ಯಾಡ, ಫೋನ್ ಇತ್ತ ಕೊಡು. ಇಂದಿನ ಮನೆಗಳಾಗ ಬೀಗ ಕಾಣಲಿಕ್ಕಿಲ್ಲ, ನಾಯಿ ಕಾಣಲಿಕ್ಕಿಲ್ಲ, ಕೆಲಸ ಅದೇ.

ಲೆಕ್ಕ ಬೇಕಾದರ ಸರಕಾರದ್ದೇ ಐತಿ. 2019ರಿಂದ 2021ರವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ಮದುವೆಯಾದ 18ರಿಂದ 49 ವಯಸ್ಸಿನ ಹೆಂಗಸರಲ್ಲಿ ಗಂಡನಿಂದ ಹಿಂಸೆ ಅನುಭವಿಸಿದವರು ದೇಶದಲ್ಲಿ ನೂರಕ್ಕೆ 29.3, ಮಹಾರಾಷ್ಟ್ರದಲ್ಲಿ 25.2, ಕರ್ನಾಟಕದಲ್ಲಿ 44.4. ನಾವು ಹೆಣ್ಣು ಕೊಡೋದು, ಹೆಣ್ಣು ತರೋದು ಈ ಎರಡೂ ರಾಜ್ಯದಾಗ. ಅದಕ್ಕಿಂತ ವಿಚಾರ ಮಾಡೋ ಅಂಕಿ ಇನ್ನೊಂದು ಐತಿ. ದೈಹಿಕ ಇಲ್ಲವೆ ಲೈಂಗಿಕ ಹಿಂಸೆ ಅನುಭವಿಸಿದ ಹೆಂಗಸರಲ್ಲಿ ನೂರಕ್ಕೆ 77 ಮಂದಿ ಯಾರ ಸಹಾಯನೂ ಕೇಳಿಲ್ಲ, ಯಾರ ಮುಂದನೂ ಹೇಳಿಲ್ಲ. ಸಹಾಯ ಕೇಳಿದವರು 14 ಮಂದಿ. ಅವರೂ ಹೆಚ್ಚಾಗಿ ಹೋದದ್ದು ತವರಿನವರ ಕಡೆ. ಠಾಣೆಯ ಮೆಟ್ಟಲು ಹತ್ತಿದವರು ಬಾಳ ಕಡಿಮಿ. ಅಂದ್ರ ಠಾಣೆಗೆ ಬಂದ ಒಂದೊಂದು ಹೆಂಗಸಿನ ಹಿಂದೆ ಬಾರದೆ ಉಳಿದ ಒಂದು ಓಣಿಯೇ ಇರತೈತಿ. ಬಂದವಳನ್ನ ಹೆಂಗ ನಡಿಸಿಕೊಂಡರು ಅನ್ನೋದನ್ನ ಆ ಓಣಿ ನೋಡಕೋತ ಇರತೈತಿ.

ಕುರುಡವ್ವನ ಕೈಯಾಗ ಇದ್ದದ್ದು ಒಂದು ಬೇರು. ಗಂಡನ ಮನಸ್ಸು ತಿರುಗಿಸೋ ಔಷಧ. ಇಲ್ಲಿ ನಾಟಕ ನಮ್ಮ ಹಳ್ಳಿಯ ಬುದ್ಧಿಯನ್ನ ಚಲೋ ಹಿಡಿದೈತಿ. ಇವತ್ತಿಗೂ ಹೊಡೆತ ತಿಂದವಳಿಗೆ ಸಿಗೋ ಮೊದಲ ಸಲಹೆ ಗಂಡನನ್ನ ಬದಲು ಮಾಡೋದಲ್ಲ, ನೀನು ಏನರೆ ಮಾಡಿ ಅವನನ್ನ ಒಲಿಸಿಕೋ ಅನ್ನೋದು. ಉಪವಾಸ ಮಾಡು, ಹರಕೆ ಹೊರು, ಮುಂದಾ ಮಾತಾಡಬ್ಯಾಡ, ಒಂದು ಮಗು ಆಗಲಿ. ಎಲ್ಲಾ ಬೇರುಗಳೇ. ಆದರೆ ಇವತ್ತಿನ ಕುರುಡವ್ವನ ಕೈಗೆ ಬೇರಿಗಿಂತ ಬಲವಾದ್ದೊಂದು ಬಂದೈತಿ. ಕೌಟುಂಬಿಕ ಹಿಂಸೆಯಿಂದ ಮಹಿಳೆಯರ ಸಂರಕ್ಷಣೆಯ ಕಾಯ್ದೆ 2005ರಲ್ಲಿ ಆಯಿತು, 2006ರ ಅಕ್ಟೋಬರ್ 26ರಿಂದ ಜಾರಿಗೆ ಬಂತು. ಅದರ 4ನೇ ಕಲಮಿನ ಪ್ರಕಾರ ಹಿಂಸೆ ನಡೆದೈತಿ, ನಡೆಯೋ ಹಂಗ ಐತಿ ಅಂತ ಅನಿಸಿದ ಯಾವ ಮನುಷ್ಯನಾದರೂ ಸಂರಕ್ಷಣಾ ಅಧಿಕಾರಿಗೆ ಸುದ್ದಿ ಕೊಡಬಹುದು. ಒಳ್ಳೆಯ ನಂಬಿಕೆಯಿಂದ ಕೊಟ್ಟ ಸುದ್ದಿಗೆ ಅವನ ಮೇಲೆ ಯಾವ ಹೊಣೆಯೂ ಬರೂದಿಲ್ಲ. ನೆರೆಯವರು, ಅಂಗನವಾಡಿ ತಾಯಿ, ಸಾಲಿ ಮಾಸ್ತರ, ಯಾರಾದರೂ ಆಗಬಹುದು. “ನಮಗ್ಯಾಕ ಬೇಕು ಅವರ ಮನಿ ಉಸಾಬರಿ” ಅನ್ನೋ ಮಾತಿಗೆ ಕಾಯ್ದೆಯ ಆಸರೆ ಹೋಗಿ ಬಾಳ ವರ್ಷ ಆದವು.

ಎರಡನೆಯದು, ದೂರು ಕೊಟ್ಟವರು ಯಾರು ಅನ್ನೋದು. ನಾಟಕದಾಗ ಪಂಚಾಯತಿ ಕೂಡಿದ್ದು ರಾಣಿಯ ದೂರಿನ ಮೇಲಲ್ಲ, ಅಪ್ಪಣ್ಣನ ದೂರಿನ ಮೇಲೆ. ಬೀಗದೊಳಗ ಇದ್ದವಳು ಪಂಚರ ತನಕ ಹೋಗೋದು ಹೆಂಗ? ಬೀಗದ ಕೈ ಇದ್ದವನೇ ಹೋಗಬೇಕು. ಹಿಂಗಾಗಿ ವಿಚಾರಣೆ ಶುರುವಾಗೂದಕ್ಕಿಂತ ಮೊದಲೇ ಯಾರು ಅಪರಾಧಿ ಅನ್ನೋದು ನಿಂತ ಜಾಗದ ಮೇಲಿಂದ ತೀರ್ಮಾನ ಆಗಿಬಿಡತೈತಿ. ವಿಚಾರಣೆ ನಡೆಯೋದು ಅವಳ ಶೀಲದ ಮೇಲೆ. ಬೀಗದ ಮೇಲೆ ಯಾರಿಗೂ ಶಿಕ್ಷೆ ಇಲ್ಲ, ಹೊಡೆತದ ಮೇಲೆ ಯಾರಿಗೂ ದಂಡ ಇಲ್ಲ. ಮನುಷ್ಯರನ್ನ ಅನ್ಯಾಯವಾಗಿ ಕೂಡಿ ಹಾಕೋದು ಅಪರಾಧ ಅಂತ 1860ರ ದಂಡ ಸಂಹಿತೆಯಲ್ಲೇ ಇತ್ತು. 342ನೇ ಕಲಮು, ಒಂದು ವರ್ಷದ ತನಕ ಸೆರೆ. ಆ ಕಲಮಿನಲ್ಲಿ ‘ಹೆಂಡತಿಯನ್ನ ಬಿಟ್ಟು’ ಅಂತ ಎಲ್ಲೂ ಬರೆದಿಲ್ಲ. ಓದೋ ನಾವು ಅದನ್ನ ಸೇರಿಸಿಕೊಂಡು ಓದೇವಿ.

ದೂರು ಯಾರದು ಅನ್ನೋದು ಎಷ್ಟು ದೊಡ್ಡ ಮಾತು ಅನ್ನೋದಕ್ಕ ನಮ್ಮ ಮಹಾರಾಷ್ಟ್ರದ್ದೇ ಒಂದು ಉದಾಹರಣೆ ಐತಿ. 1972ರ ಮಾರ್ಚ್‌ನಲ್ಲಿ ವಿದರ್ಭದ ದೇಸಾಯಿಗಂಜ ಠಾಣೆಗೆ ಮಥುರಾ ಅನ್ನೋ ಆದಿವಾಸಿ ಹುಡುಗಿ ಬಂದದ್ದು ತನ್ನ ದೂರು ಹಿಡಕೊಂಡಲ್ಲ. ಅವಳು ಒಬ್ಬನ ಸಂಗಾಟ ಹೋದಳಂತ ಅಣ್ಣ ಕೊಟ್ಟ ದೂರಿನ ಮೇಲೆ. ಠಾಣೆಯೊಳಗೇ ಅವಳ ಮೇಲೆ ಅತ್ಯಾಚಾರ ಆಯಿತೆಂಬ ಮೊಕದ್ದಮೆಯಲ್ಲಿ ಹೈಕೋರ್ಟು ಇಬ್ಬರು ಪೊಲೀಸರಿಗೆ ಶಿಕ್ಷೆ ಕೊಟ್ಟಿತು. 1978ರಲ್ಲಿ ಸುಪ್ರೀಂ ಕೋರ್ಟು ಅವರನ್ನ ಬಿಡುಗಡೆ ಮಾಡಿತು. ಮೈಮೇಲೆ ಗಾಯದ ಗುರುತಿಲ್ಲ, ಕೂಗಿಕೊಂಡಿಲ್ಲ ಅನ್ನೋದು ಅದಕ್ಕೆ ಕೊಟ್ಟ ಕಾರಣಗಳಲ್ಲಿ ಸೇರಿತ್ತು. ನಾಲ್ಕು ಮಂದಿ ಕಾಯ್ದೆ ಪ್ರಾಧ್ಯಾಪಕರು 1979ರಲ್ಲಿ ಕೋರ್ಟಿಗೆ ಬಹಿರಂಗ ಪತ್ರ ಬರೆದರು, ದೇಶದ ತುಂಬ ಹೆಂಗಸರು ಬೀದಿಗಿಳಿದರು, 1983ರಲ್ಲಿ ಅತ್ಯಾಚಾರದ ಕಾಯ್ದೆ ತಿದ್ದುಪಡಿ ಆಯಿತು. ಅದೇ ವರ್ಷ ಗಂಡ ಮತ್ತು ಗಂಡನ ಮನೆಯವರ ಕ್ರೌರ್ಯಕ್ಕೆ ಮೂರು ವರ್ಷದ ತನಕ ಸೆರೆ ಕೊಡೋ 498ಎ ಕಲಮೂ ಬಂತು. 2024ರ ಜುಲೈ 1ರಿಂದ ಅದು ಭಾರತೀಯ ನ್ಯಾಯ ಸಂಹಿತೆಯ 85 ಮತ್ತು 86ನೇ ಕಲಮುಗಳಾಗಿ ಮುಂದುವರಿದೈತಿ.

ಹಾವು ಹಿಡಿಯೋ ಪರೀಕ್ಷೆಯನ್ನ ಈ ಬೆಳಕಿನಾಗ ಓದ್ರಿ. ಸತ್ಯ ಹೇಳೋ ಹೆಂಗಸು ಜೀವ ಒತ್ತೆ ಇಟ್ಟು ಅದನ್ನ ತೋರಸಬೇಕು. ಠಾಣೆಯಲ್ಲಿ ಕೇಳೋ ಪ್ರಶ್ನೆಗಳೂ ಇದೇ ಜಾತಿಯವು. ಗಾಯ ಎಲ್ಲಿ ಐತಿ? ಇಷ್ಟು ದಿನ ಯಾಕ ಬರಲಿಲ್ಲ? ಅವ ಹೊಡೆಯೋ ಹಂಗ ನೀ ಏನ ಮಾಡಿದಿ? ಸಾಕ್ಷಿ ಯಾರು? ಪುರಾವೆ ಕೇಳೋದು ತಪ್ಪಲ್ಲ, ಪುರಾವೆ ಇಲ್ಲದೆ ಯಾವ ಮೊಕದ್ದಮೆಯೂ ನಿಲ್ಲೂದಿಲ್ಲ. ಆದರೆ ಪುರಾವೆ ಕೂಡಿಸೋದು ತನಿಖೆ ಮಾಡೋವರ ಕೆಲಸ. ದೂರು ಬರಕೊಳ್ಳೋ ಮೊದಲೇ ಅವಳು ಎಲ್ಲಾ ಸಿದ್ಧ ಮಾಡಿಕೊಂಡು ಬರಬೇಕು ಅಂದ್ರ ಹುತ್ತಕ್ಕೆ ಕೈ ಹಾಕು ಅಂದಂಗ ಆತು.

ಮೂರನೆಯದು ರಾತ್ರಿಯ ಗಂಡ. ನಾಟಕದ ಹೆಚ್ಚಿನ ಸತ್ಯ ಇರೋದು ಇಲ್ಲಿ. ಹಗಲು ಬರೋ ಅಪ್ಪಣ್ಣ ಬೈಯತಾನ, ಮಾತಾಡೂದಿಲ್ಲ. ರಾತ್ರಿ ಬರೋ ಅಪ್ಪಣ್ಣ ಮುದ್ದು ಮಾಡತಾನ, ಕಣ್ಣೀರು ಒರಸತಾನ. ಮುಖ ಒಂದೇ. ರಾಣಿಗೆ ಇದು ತಿಳೀದ ಒಗಟು, ಆದರೂ ರಾತ್ರಿಯ ಆಸೆಯ ಮೇಲೆ ಹಗಲನ್ನ ತಾಳಿಕೋತಾಳ. ಇದನ್ನ ಮಾಯದ ಕತೆ ಅಂತ ಓದಿದರ ಒಂದು ರುಚಿ. ನಿಜದ ಮನೆಯ ಕತೆ ಅಂತ ಓದಿದರ ಎದಿ ಝಲ್ ಅನ್ನತೈತಿ. ಹೊಡೆದ ಮರುದಿವಸ ಸೀರಿ ತರೋ ಗಂಡ, ಅತ್ತು ಕ್ಷಮಾ ಕೇಳೋ ಗಂಡ, ಮಕ್ಕಳನ್ನ ಜಾತ್ರಿಗೆ ಕರಕೊಂಡು ಹೋಗೋ ಗಂಡ: ಇವರೆಲ್ಲಾ ನಮಗ ಗೊತ್ತಿರೋವರೇ. ಅದಕ್ಕೇ ಸೋಮವಾರ ಕೊಟ್ಟ ದೂರನ್ನ ಗುರುವಾರ ಹಿಂದಕ್ಕೆ ತಗೋತಾರ. “ಈ ಹೆಂಗಸರು ಇವತ್ತ ಬರತಾರ, ನಾಳಿ ರಾಜಿ ಅಂತಾರ, ನಮ್ಮ ದಂಡಿ ಕೆಲಸ ನೀರಾಗ ಹೋಗತೈತಿ” ಅಂತ ಠಾಣೆಯವರು ಅನ್ನೋದು ಸುಳ್ಳಲ್ಲ. ಆದರೆ ಅವಳು ಹಿಂದಕ್ಕೆ ತಗೊಂಡದ್ದು ದೂರು ಸುಳ್ಳಿತ್ತಂತ ಅಲ್ಲ. ಅವಳಿಗೆ ಬೇಕಾದ್ದು ಹಗಲಿನವನಿಂದ ಬಿಡುಗಡೆ, ರಾತ್ರಿಯವನಿಂದ ಅಲ್ಲ. ಇಬ್ಬರನ್ನೂ ಒಂದೇ ಜೀಪಿನಾಗ ಹಾಕಿ ಒಯ್ಯೋ ಕಾಯ್ದೆ ಮಾತ್ರ ಇದ್ದಾಗ ಅವಳು ಹಿಂದ ಸರಿಯೋದು ಸಹಜ. 2005ರ ಕಾಯ್ದೆ ಇದನ್ನ ತಿಳಕೊಂಡು ಮಾಡಿದ್ದು. ಅದರಾಗ ಗಂಡನನ್ನ ಮೊದಲೇ ಸೆರೆಮನೆಗೆ ಕಳಸೂದಿಲ್ಲ. ಹೊಡೆಯಬಾರದು ಅಂತ ಸಂರಕ್ಷಣಾ ಆದೇಶ, ಮನೆಯಿಂದ ಹೊರಗ ಹಾಕಬಾರದು ಅಂತ ವಾಸದ ಆದೇಶ, ಖರ್ಚಿಗೆ ಹಣ, ಮಕ್ಕಳ ತಾಬಾ, ಇವನ್ನ ಮ್ಯಾಜಿಸ್ಟ್ರೇಟರು ಕೊಡತಾರ. ಆ ಸಂರಕ್ಷಣಾ ಆದೇಶ ಮುರಿದರ ಆವಾಗ ಒಂದು ವರ್ಷದ ತನಕ ಸೆರೆ, ಇಲ್ಲಾ 20,000 ರೂಪಾಯಿ ತನಕ ದಂಡ, ಇಲ್ಲಾ ಎರಡೂ. ದೂರು ಬಂದಾಗ ಈ ಹಕ್ಕುಗಳನ್ನ ಹೆಂಗಸಿಗೆ ತಿಳಿಸಿ ಹೇಳೋದು ಪೊಲೀಸರ ಕರ್ತವ್ಯ ಅಂತ 5ನೇ ಕಲಮು ಹೇಳತೈತಿ. ಪೊಲೀಸರು ಹೇಳೋದು ಅವರ ಮೇಲಿನ ಉಪಕಾರ ಅಲ್ಲ.

ನಾಟಕದ ಕೊನೆ ಬಗ್ಗೆ ಈಗ ಹೇಳಬೇಕು. ರಾಣಿ ದೇವಿ ಆದಳು. ಪ್ರೇಕ್ಷಕರು ಚಪ್ಪಾಳೆ ಹೊಡೀತಾರ, ಕೆಲವರು ಕೈ ಮುಗೀತಾರ. ಪಂಚರು ಅಪ್ಪಣ್ಣನಿಗೆ “ನೀನೇ ಪುಣ್ಯವಂತ” ಅನ್ನೋ ಧಾಟಿಯಲ್ಲಿ ಬುದ್ಧಿ ಹೇಳಿ ಹೋಗತಾರ. ಇಟ್ಟುಕೊಂಡವಳು ನಾಚಿಕೊಂಡು ರಾಣಿಯ ಮನೆಗೆ ನೀರು ಹೊರಾಕ ನಿಲ್ಲತಾಳ. ಲೆಕ್ಕ ನೋಡ್ರಿ: ಅಪಮಾನ ರಾಣಿಗೆ, ಚಾಕರಿ ಇನ್ನೊಬ್ಬ ಹೆಂಗಸಿಗೆ, ಪುಣ್ಯ ಅಪ್ಪಣ್ಣಗ. ಬೀಗ ಹಾಕಿದ ಕೈಗೆ ಏನೂ ಆಗಲಿಲ್ಲ.

ಕಾರ್ನಾಡರಿಗೆ ಇದು ತಿಳಿದಿಲ್ಲ ಅಂತಲ್ಲ. ಅವರು ಕತೆಯನ್ನ ದೇವಿಯ ಜಯಕಾರದ ಮೇಲೆ ನಿಲ್ಲಸಲಿಲ್ಲ. ತಾನು ಮುಟ್ಟದ ಹೆಂಡತಿಗೆ ಮಗು ಹೆಂಗಾತು ಅನ್ನೋ ಮುಳ್ಳನ್ನ ಅಪ್ಪಣ್ಣನ ಮನಸ್ಸಿನಾಗ ಬಿಟ್ಟರು. ರಾಣಿಗೂ ಹಗಲಿನವನು, ರಾತ್ರಿಯವನು ಬೇರೆ ಬೇರೆ ಅನ್ನೋದು ಮೈಯಿಂದ ತಿಳಿಯೋ ಹಂಗ ಮಾಡಿದರು. ಕತೆಗೆ ಒಂದಕ್ಕಿಂತ ಹೆಚ್ಚು ಕೊನೆ ಇಟ್ಟರು. ಒಂದರಾಗ ಸತ್ತ ನಾಗನ ಚಿತೆಗೆ ಮಗನ ಕೈಯಿಂದ ಕಿಚ್ಚು ಇಡಸಬೇಕಂತ ರಾಣಿ ಕೇಳತಾಳ, ಅಪ್ಪಣ್ಣ ಒಪ್ಪತಾನ. ಬೀಗದೊಳಗ ಇದ್ದವಳ ಮಾತು ಆ ಮನೆಯಾಗ ನಡೆಯಿತು ಅನ್ನೋದು ಸಣ್ಣ ಮಾತಲ್ಲ. ಆದರೂ ನನ್ನ ತಕರಾರು ಉಳಿದೇ ಉಳೀತೈತಿ. ಅವಳ ಮಾತು ನಡೆದದ್ದು ಅವಳು ಮನುಷ್ಯಳು ಅಂತ ಅಲ್ಲ, ದೇವಿ ಅಂತ. ಹೆಡೆ ಬಿಚ್ಚೋ ನಾಗ ಎಲ್ಲರ ಹಿತ್ತಲಾಗೂ ಇರೂದಿಲ್ಲ. ದೇವಿ ಆಗದ ರಾಣಿಯರು, ಸಿಟ್ಟಿಗೇಳೋವರು, ತಿರುಗಿ ಬೈಯೋವರು, ಒಮ್ಮೆ ತಪ್ಪಿ ನಡೆದವರು, ಅವರಿಗೆ ಯಾವ ನ್ಯಾಯ? ಚಲೋ ಹೆಂಗಸಿಗೆ ಮಾತ್ರ ಹೊಡೀಬಾರದು ಅನ್ನೋದು ನ್ಯಾಯ ಅಲ್ಲ.

ಕೆಲವರು ಇದನ್ನೇ ತಿರುಗಿಸಿ ಕೇಳತಾರ. ಅಪ್ಪಣ್ಣ ಹೇಳಿದ್ದು ಖರೇನೇ ಇತ್ತಲ್ಲ, ಅವ ಅವಳನ್ನ ಮುಟ್ಟಿರಲಿಲ್ಲ, ಆದರೂ ಸೋತ. ಇವತ್ತು 498ಎ ದಿಂದ ಹಿಂಗೇ ಗಂಡಸರು ಸೋಲತಾರ, ಹೆಂಗಸರು ಕಾಯ್ದೆ ದುರುಪಯೋಗ ಮಾಡತಾರ ಅಂತ. ಮಾತನ್ನ ತೆಗೆದು ಹಾಕೂದು ಬ್ಯಾಡ. ಸುಳ್ಳು ದೂರೂ ಇರತಾವು, ಸಂಬಂಧ ಇಲ್ಲದ ನಾದಿನಿ, ಮುದುಕ ಮಾವ ಎಲ್ಲರ ಹೆಸರೂ ಬರಿಸಿದ ದೂರೂ ಇರತಾವು. ಅದಕ್ಕೇ ಸುಪ್ರೀಂ ಕೋರ್ಟು 2014ರ ಅರ್ನೇಶ ಕುಮಾರ ತೀರ್ಪಿನಲ್ಲಿ, ದೂರು ಬಂತು ಅಂದ ಕೂಡಲೇ ಹಿಡಿದು ಒಳಗ ಹಾಕಬ್ಯಾಡ್ರಿ, ಬಂಧನ ಯಾಕ ಬೇಕು ಅನ್ನೋದಕ್ಕ ಕಾರಣ ಬರೀರಿ ಅಂತ ಪೊಲೀಸರಿಗೆ ಹೇಳಿತು. ಅದು ನ್ಯಾಯದ ಮಾತು. ಆದರೆ ಆ ತೀರ್ಪು ಹೇಳಿದ್ದು ಬಂಧನದ ಬಗ್ಗೆ. “ಈಗ ಕಾಯ್ದೆ ಬದಲಾಗೈತಿ, ನಾವೇನೂ ಮಾಡಾಕ ಬರೂದಿಲ್ಲ” ಅಂತ ದೂರನ್ನೇ ಬರಕೊಳ್ಳದೆ ಕಳಸೋದಕ್ಕ ಅದರಾಗ ಆಧಾರ ಇಲ್ಲ. ದಖಲುಪಾತ್ರ ಅಪರಾಧದ ಸುದ್ದಿ ಬಂದರ ಎಫ್‌ಐಆರ್ ಬರಕೊಳ್ಳಲೇಬೇಕು ಅಂತ 2013ರ ಲಲಿತಾ ಕುಮಾರಿ ತೀರ್ಪು ಹೇಳೈತಿ. ಗಂಡ ಹೆಂಡಿರ ವ್ಯಾಜ್ಯಗಳಲ್ಲಿ ಮೊದಲು ಸಣ್ಣ ವಿಚಾರಣೆ ಮಾಡಬಹುದು ಅಂದದ್ದೂ ಖರೆ, ಆದರೆ ಅದಕ್ಕ ದಿನದ ಮಿತಿ ಹಾಕೈತಿ. ಇನ್ನ ಅಪ್ಪಣ್ಣನ ಮಾತು: ಅವನ ದೂರು ಖರೆ ಇದ್ದರೂ ಬೀಗವೂ ಖರೆ. ಒಂದು ಇನ್ನೊಂದನ್ನ ಅಳಸೂದಿಲ್ಲ. ಹೆಂಡತಿ ತಪ್ಪಿದಳು ಅನಿಸಿದರ ಕೋರ್ಟು ಐತಿ, ಸೋಡಚಿಠ್ಠಿ ಐತಿ. ಕೈ ಎತ್ತೋ ಹಕ್ಕು ಯಾವ ಪುಸ್ತಕದಾಗೂ ಇಲ್ಲ.

ಇಲ್ಲಿಂದ ಠಾಣೆಯ ಬರವಣಿಗೆಗೆ ಬರೂಣು. ನಾಟಕ, ಕಾದಂಬರಿ ವಿಮರ್ಶೆ ಮಾಡೋ ನಾವು ಫಿರ್ಯಾದಿಯ ಕಾಗದವನ್ನ ಒಂದು ಬರಹ ಅಂತ ಓದೂದಿಲ್ಲ. ಓದಬೇಕು. ನಮ್ಮ ಭಾಗದಾಗ ಮನೆಯಲ್ಲಿ ಕನ್ನಡ ಆಡೋ ಹೆಂಗಸು ಠಾಣೆಯಲ್ಲಿ ನಿಂತಾಗ ಅವಳ ಮಾತು ಮರಾಠಿಯಾಗಿ ಕಾಗದಕ್ಕೆ ಇಳೀತೈತಿ. ಅವಳು ಹೇಳೋದು: ಕೂದಲಾ ಹಿಡದು ಎಳದಾ, ಮೂರು ದಿನಾ ಬಾಗಲಾ ಹಾಕ್ಕೊಂಡು ಹ್ವಾದಾ, ಕೂಸಿಗೆ ಹಾಲ ಇರಲಿಲ್ಲಾ. ಕಾಗದದಾಗ ಬರೋದು: ‘ಘರಗುತಿ ಕಾರಣಾವರೂನ ಶಿವೀಗಾಳ ವ ಮಾರಹಾಣ’. ಮನೆಯ ಕಾರಣದ ಮೇಲಿಂದ ಬೈಗುಳ ಮತ್ತು ಹೊಡೆತ ಅಂತ ಅದರ ಅರ್ಥ. ಮರಾಠಿಯದು ತಪ್ಪಿಲ್ಲ, ಗಡಿಯ ಆಚೆ ಕನ್ನಡದಾಗ ಬರೆದರೂ ‘ಕೌಟುಂಬಿಕ ಕಲಹ’ ಅಂತಲೇ ಬರೀತಾರ. ಆ ವಾಕ್ಯವನ್ನ ಬಿಡಿಸಿ ನೋಡ್ರಿ. ಹೊಡೆದವನು ವಾಕ್ಯದೊಳಗ ಇಲ್ಲ. ಕಾರಣ ಮನೆಯದು, ಕೈ ಯಾರದೂ ಅಲ್ಲ. ಮೂರು ದಿನ ಹೋದವು, ಬಾಗಿಲು ಹೋತು, ಕೂಸು ಹೋತು. ಇಂಥ ವಾಕ್ಯದ ಮೇಲೆ ತನಿಖೆ ಮಾಡೋವನಿಗೆ ಹುಡುಕಾಕ ಏನು ಉಳೀತು? ಬಾಳ ಸಲ ಅದು ಎನ್.ಸಿ. ಅಂದ್ರ ಅದಖಲುಪಾತ್ರ ಅಂತ ಒಂದು ಚೀಟಿಯಾಗಿ ಕೈಗೆ ಬರತೈತಿ. ಕೋರ್ಟಿನ ಅಪ್ಪಣೆ ಇಲ್ಲದೆ ಅದರ ತನಿಖೆ ನಡೆಯೂದಿಲ್ಲ. ಚೀಟಿ ಹಿಡಕೊಂಡ ಹೆಂಗಸು ಕೇಸು ಆತು ಅಂತ ತಿಳಕೊಂಡು ಮನೆಗೆ ಬರತಾಳ.

ಅದಕ್ಕೇ ಕೆಲವು ಮಾತು ಎಲ್ಲರಿಗೂ ಬಾಯಿಪಾಠ ಇರಬೇಕು. ಬರಕೊಂಡದ್ದನ್ನ ಅವಳಿಗೆ ಓದಿ ಹೇಳಬೇಕು, ಎಫ್‌ಐಆರ್ ಪ್ರತಿಯನ್ನ ಪುಕ್ಕಟೆ ಕೊಡಬೇಕು ಅನ್ನೋದು ಕಾಯ್ದೆ. ಓದಿದ್ದು ತಿಳೀಲಿಲ್ಲ ಅಂದ್ರ ತಿಳಿಯೋ ಮಾತಿನಾಗ ಹೇಳ್ರಿ ಅಂತ ಕೇಳಬೇಕು, ತನ್ನ ಮಾತು ಬಿಟ್ಟುಹೋಗಿದ್ದರ ಸಹಿ ಮಾಡೂದಕ್ಕಿಂತ ಮೊದಲು ಸೇರಿಸಾಕ ಹೇಳಬೇಕು. ಇನ್ನೊಂದು, ಗಡಿಯ ತಕರಾರು. ಗಂಡನ ಮನಿ ಬೆಳಗಾವಿ ಜಿಲ್ಲೆಯಾಗ, ತವರು ಗಡಹಿಂಗ್ಲಜ ಕಡೆ ಇದ್ದವಳಿಗೆ “ಹೊಡೆದದ್ದು ಅಲ್ಲಿ, ಅಲ್ಲೇ ಹೋಗಿ ಕೊಡು” ಅನ್ನೋ ಉತ್ತರ ಸಿಗತೈತಿ. 2019ರ ಏಪ್ರಿಲ್‌ನಲ್ಲಿ ರೂಪಾಲಿ ದೇವಿ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು, ಮನೆ ಬಿಟ್ಟು ಬಂದವಳು ಆಸರೆ ಪಡೆದ ಊರಿನಲ್ಲೇ 498ಎ ಮೊಕದ್ದಮೆ ನಡೆಸಬಹುದು ಅಂತ ಹೇಳೈತಿ. ಗಂಡನ ಮನೆಯ ಹೊಡೆತದ ನೋವು ತವರಿಗೂ ಅವಳ ಬೆನ್ನು ಹತ್ತಿ ಬರತೈತಿ ಅನ್ನೋದು ಆ ತೀರ್ಪಿನ ತಿರುಳು. 2005ರ ಕಾಯ್ದೆಯ 27ನೇ ಕಲಮೂ ಅವಳು ಸದ್ಯಕ್ಕೆ ಇರೋ ಊರಿನ ಕೋರ್ಟಿಗೆ ಅರ್ಜಿ ಕೊಡಾಕ ಬಿಡತೈತಿ. ಈಗಿನ ನಾಗರಿಕ ಸುರಕ್ಷಾ ಸಂಹಿತೆಯ ಪ್ರಕಾರ ಅಪರಾಧ ಎಲ್ಲೇ ಆಗಿರಲಿ, ಸುದ್ದಿ ಬರಕೊಳ್ಳದೆ ಯಾವ ಠಾಣೆಯೂ ಕಳಸಾಕ ಬರೂದಿಲ್ಲ.

ಠಾಣೆಯವರನ್ನೇ ಬೈದು ಮುಗಿಸಿದರ ಲೇಖನ ಅರ್ಧ ಆಗತೈತಿ. ಠಾಣೆಗಿಂತ ಮೊದಲು ಊರಿನ ಪಂಚರು ಇದ್ದಾರ. ನಮ್ಮಲ್ಲಿ ಪೊಲೀಸ್ ಪಾಟೀಲರು ಇದ್ದಾರ. 2007ರ ಆಗಸ್ಟ್ 15ರಿಂದ ಮಹಾತ್ಮಾ ಗಾಂಧಿ ತಂಟಾಮುಕ್ತ ಗಾಂವ ಮೋಹೀಮ ಬಂದಾಗ ಊರೂರಲ್ಲಿ ತಂಟಾಮುಕ್ತಿ ಸಮಿತಿಗಳೂ ಆದವು. ಹೊಲದ ಬದುವಿನ ಜಗಳ, ನೀರಿನ ಪಾಳಿಯ ಜಗಳ ಊರೊಳಗೇ ಮುಗಿದು ಎಷ್ಟೋ ಮನೆ ಉಳಿದವು, ಅದು ಚಲೋ ಕೆಲಸ. ಆದರೆ ತಂಟೆ ಇಲ್ಲದ ಊರಿಗೆ ಬಹುಮಾನ ಅಂದಾಗ ತಂಟೆ ಮುಗಿಸೋದಕ್ಕೂ, ತಂಟೆ ಮುಚ್ಚೋದಕ್ಕೂ ಇರೋ ಅಂತರ ಸಣ್ಣದಾಗತೈತಿ. ಬದುವಿನ ಜಗಳದಾಗ ಇಬ್ಬರಿಗೂ ಹೊಲ ಐತಿ, ಇಬ್ಬರೂ ಸ್ವಲ್ಪ ಸ್ವಲ್ಪ ಬಿಡತಾರ. ಹೊಡೆಯೋವ, ಹೊಡಿಸಿಕೊಳ್ಳೋವಳ ನಡುವೆ ಅವಳು ಬಿಡಬೇಕಾದ್ದು ಏನು? ಮೈಯಲ್ಲಿ ಅರ್ಧಾನ? ‘ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ’ ಅನ್ನೋ ಗಾದೆಯನ್ನ ಪಂಚರು ಬಾಳ ಪ್ರೀತಿಯಿಂದ ಹೇಳತಾರ. ಗಾದೆ ಜಗಳದ ಬಗ್ಗೆ ಐತಿ, ಹೊಡೆತದ ಬಗ್ಗೆ ಅಲ್ಲ. ಜಗಳಕ್ಕ ಇಬ್ಬರು ಬೇಕು, ಹೊಡೆತಕ್ಕ ಒಬ್ಬ ಸಾಕು.

ಇದೆಲ್ಲಾ ಹೊರಗಿನಿಂದ, ದಿಲ್ಲಿಯಿಂದ ಬಂದ ಹೊಸ ಮಾತು ಅಂತ ಅನ್ನೋವರಿಗೆ ನಮ್ಮ ಕೊ‌ಲ್ಹಾಪುರ ಸಂಸ್ಥಾನದ ಇತಿಹಾಸ ತೋರಸಬೇಕು. ಕಾಗಲದ ಘಾಟಗೆ ಮನೆತನದಲ್ಲಿ ಹುಟ್ಟಿ ಕೊಲ್ಹಾಪುರದ ಗಾದಿಗೆ ಬಂದ ಶಾಹೂ ಮಹಾರಾಜರು 1919ರಲ್ಲೇ ಹೆಂಗಸರನ್ನ ಕ್ರೂರವಾಗಿ ನಡೆಸಿಕೊಳ್ಳೋದನ್ನ ತಡೆಯೋ ಕಾಯ್ದೆ ಮಾಡಿದರು. ಆಗ ಬ್ರಿಟಿಷರ ದಂಡ ಸಂಹಿತೆಯಲ್ಲಿ ಗಂಡನ ಮನೆಯ ಕ್ರೌರ್ಯಕ್ಕೆ ಅಂತಲೇ ಒಂದು ಕಲಮು ಇರಲಿಲ್ಲ. ದೇಶಕ್ಕ ಅದು ಬರಾಕ 1983 ಆಗಬೇಕಾತು, ಅಂದ್ರ 64 ವರ್ಷ. ನಮ್ಮ ಅಜ್ಜಂದಿರು ಇದ್ದ ನೆಲದಾಗ ಈ ಮಾತು ಮೊದಲೇ ಕಾಯ್ದೆ ಆಗಿತ್ತು. ಶಾಹೂ ಜಯಂತಿಗೆ ಫೋಟೋಕ್ಕ ಹಾರ ಹಾಕೋ ನಾವು ವಸತಿಗೃಹದ ಬಗ್ಗೆ, ಮೀಸಲಾತಿಯ ಬಗ್ಗೆ ಭಾಷಣ ಮಾಡತೇವಿ. ಈ ಕಾಯ್ದೆಯ ಹೆಸರು ಭಾಷಣದಾಗ ಬರೂದು ಅಪರೂಪ. ಈಚಿನದು ಬೇಕಾದರ 2022ರ ಮೇ ತಿಂಗಳದಾಗ ಶಿರೋಳ ತಾಲೂಕಿನ ಹೇರವಾಡ ಗ್ರಾಮಸಭೆ ಮಾಡಿದ ಠರಾವು ಐತಿ. ಗಂಡ ಸತ್ತವಳ ಬಳಿ ಒಡೆಯೋದು, ಕುಂಕುಮ ಅಳಸೋದು ಬಂದ್ ಅಂತ ಒಂದು ಹಳ್ಳಿ ತೀರ್ಮಾನ ಮಾಡಿತು, ಮಿಕ್ಕ ಊರುಗಳೂ ಹಿಂಗ ಮಾಡ್ರಿ ಅಂತ ಸರಕಾರ ಸುತ್ತೋಲೆ ಹೊರಡಿಸಿತು. ಗಂಡ ಸತ್ತವಳ ಬಳಿಯ ಬಗ್ಗೆ ಠರಾವು ಮಾಡೋ ಗ್ರಾಮಸಭೆ, ಗಂಡ ಇದ್ದವಳ ಮುರಿದ ಬಳಿಯ ಬಗ್ಗೆಯೂ ಮಾಡಬಹುದು.

ನಾಗಮಂಡಲ ದೊಡ್ಡ ನಾಟಕ. ಎ.ಕೆ. ರಾಮಾನುಜನ್ ಕಾರ್ನಾಡರಿಗೆ ಹೇಳಿದ ಜನಪದ ಕತೆಗಳ ಮೇಲೆ ಕಟ್ಟಿದ್ದು. ರಾಮಾನುಜನ್ನರು ಕೆಲವು ವರ್ಷ ಬೆಳಗಾವಿಯಲ್ಲೇ ಪಾಠ ಹೇಳಿದವರು. ಇಂಥ ಕತೆಗಳನ್ನ ಕುಟ್ಟುತ್ತಾ ಬೀಸುತ್ತಾ ಒಬ್ಬರಿಗೊಬ್ಬರು ಹೇಳಿಕೊಂಡವರು ಹೆಂಗಸರು. ಹೊರಗ ಕೇಳೋವರು ಯಾರೂ ಇಲ್ಲದಾಗ ಅವರು ಹಾವಿನ ಕಡೆಯಿಂದ ನ್ಯಾಯ ಕೊಡಿಸಿಕೊಂಡರು. ಆ ಕತೆ ನಮಗ ಹೇಳೋದು ಹಾವಿನ ಮಹಿಮೆ ಅಲ್ಲ, ಮನುಷ್ಯರ ಪಂಚಾಯತಿಯ ಮೇಲೆ ಅವರಿಗೆ ಇದ್ದ ಅಪನಂಬಿಕೆ.

ಆದ್ದರಿಂದ ಮಾಸ್ತರರಿಗೆ ಒಂದು ವಿನಂತಿ. ಸಾಲಿಯಾಗ, ಗಣಪತಿ ಹಬ್ಬದ ಕಟ್ಟೆಯ ಮೇಲೆ ಈ ನಾಟಕ ಆಡಿಸಿದರ ಕೊನೆಗೆ ಮಕ್ಕಳಿಗೆ ‘ದೇವಿ ಹೆಂಗಾದಳು’ ಅಂತ ಕೇಳಬ್ಯಾಡ್ರಿ. ‘ಬೀಗ ಹಾಕಿದ್ದು ಯಾರು, ಕಂಡವರು ಯಾರು, ಕಂಡು ಏನ ಮಾಡಿದರು’ ಅಂತ ಕೇಳ್ರಿ. ವಾಚನಾಲಯದ ಫಳ್ಯಾದ ಮೇಲೆ ಊಸಿನ ದರದ ಮಗ್ಗಲಕ ಎರಡು ಅಂಕಿ ಬರದು ಇಡೂಣು: ಹೆಂಗಸರ ಸಹಾಯವಾಣಿ 181, ಪೊಲೀಸ್ ತುರ್ತು ಕರೆ 112. ಅದರ ಕೆಳಗ ತಾಲೂಕಿನ ಸಂರಕ್ಷಣಾ ಅಧಿಕಾರಿಯ ಹೆಸರು, ಕಚೇರಿಯ ವಿಳಾಸ ಕೇಳಿಕೊಂಡು ಬಂದು ಬರೀಬೇಕು. ಆ ಕೆಲಸಕ್ಕ ಕಣ್ಣು ಕಾಣೋ ಒಬ್ಬರು ಹೋದರ ಸಾಕು.